ಇಜೇರಿಯ ತೊಗರಿ ಮತ್ತು ಚೆಲ್ಲಿಹೋದ ಕಟ್ಟು

ನಮ್ಮ ಕ್ಷೇತ್ರಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ ಮೊದಲು ಕೇಳುವುದು ಯಂತ್ರದ ಬಗ್ಗೆ. ಎಷ್ಟು ದೊಡ್ಡ ಯಂತ್ರ ನೋಡಿದ್ದೀರಿ, ಯಾವ ಯಾವ ದೇಶಕ್ಕೆ ಹೋಗಿದ್ದೀರಿ, ಕಿರಣ ಎಷ್ಟು ಪ್ರಖರವಾಗಿತ್ತು, ಇಂಥವೇ. ನೀರಿನ ಬಗ್ಗೆ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ನನ್ನ ನೌಕರಿಯ ಬಹುಪಾಲು ಹೋದದ್ದು ಉಪ್ಪುನೀರಿನ ಜೊತೆಗೆ. ಅದನ್ನು ಬೆರೆಸುವುದು, ಸೋಸುವುದು, ಅಳೆಯುವುದು, ಕೊನೆಗೆ ಲೆಕ್ಕದಲ್ಲಿ ಕಳೆಯುವುದು. ದೊಡ್ಡ ಯಂತ್ರದ ಮುಂದೆ ನಿಂತದ್ದು ಹಬ್ಬಕ್ಕೊಮ್ಮೆ ಹೊಸ ಸೀರೆ ಉಟ್ಟ ಹಾಗೆ, ಅಷ್ಟೇ.

ಆದ್ದರಿಂದ ಈ ಬರಹದಲ್ಲಿ ನನಗೆ ಸಿಕ್ಕ ಬಡ್ತಿಗಳ ಕತೆ ಇಲ್ಲ. ನೀರಿನ ಕತೆ ಇದೆ, ತೊಗರಿಯ ಕತೆ ಇದೆ, ನನಗೆ ಕೆಲಸ ಕಲಿಸಿದ ಇಂದುಮತಿ ಮೇಡಂ ಅವರ ಕತೆ ಇದೆ. ಹೊಗಳಿಕೆ ಜಾಸ್ತಿಯಾಯಿತು ಅನ್ನಿಸಿದರೆ ಅನ್ನಿಸಲಿ. ಅವರನ್ನು ನೀವು ನೋಡಿಲ್ಲ.

ನನ್ನ ಊರು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾ. ಎಂ.ಎಸ್ಸಿ. ಮುಗಿಸಿ ಹೈದರಾಬಾದಿನ ಒಂದು ಸಂಸ್ಥೆಗೆ ಸಂದರ್ಶನಕ್ಕೆ ಹೋದಾಗ ಮೇಜಿನ ಆಚೆ ಐದಾರು ಜನ ಕೂತಿದ್ದರು. ಎಲ್ಲರೂ ಇಂಗ್ಲಿಷಿನಲ್ಲಿ ಸೂತ್ರ ಕೇಳಿದರು, ಹೇಳಿದೆ. ತುದಿಯಲ್ಲಿ ಕೂತ ಬಿಳಿ ಕೈಮಗ್ಗದ ಸೀರೆಯ ಹೆಂಗಸು ಮಾತ್ರ ನನ್ನ ಅರ್ಜಿಯಲ್ಲಿ ಊರಿನ ಹೆಸರು ನೋಡಿ ನಮ್ಮ ಮಾತಿಗೇ ಇಳಿದುಬಿಟ್ಟರು.

"ತೊಗರಿ ಬ್ಯಾಳಿ ಕುದಿವಾಗ ಮ್ಯಾಲೆ ನೊರಿ ಬರ್ತದಲ್ಲ, ಅದೇನದು?"

ನನಗೆ ಗೊತ್ತಿರಲಿಲ್ಲ. ಸುಳ್ಳು ಹೇಳಲು ಹೊಳೆಯಲೂ ಇಲ್ಲ. "ಗೊತ್ತಿಲ್ರಿ. ನಮ್ಮವ್ವ ಸೌಟಿಲೆ ತಗದು ಒಗಿತಾಳ್ರಿ" ಅಂದೆ.

"ಒಗ್ಯೋಕಿಂತ ಮೊದಲ ಒಮ್ಮೆ ನೋಡಬೇಕಿತ್ತು" ಎಂದು ಅವರು ಕಾಗದದ ಮೇಲೆ ಏನೋ ಗೀಚಿದರು. ಕೆಲಸ ಸಿಕ್ಕಿತು. ಎಷ್ಟೋ ದಿನಗಳ ಮೇಲೆ ಕಾರಣ ಕೇಳಿದೆ. "ಮುಂಜಾನಿಯಿಂದ ಗೊತ್ತಿಲ್ಲ ಅಂದಾಕಿ ನೀ ಒಬ್ಬಾಕಿನ. ಉಳಿದವ್ರು ಎಲ್ಲಾ ಗೊತ್ತದ ಅಂದ್ರು. ಗೊತ್ತಿದ್ದವ್ರನ್ನ ತಗೊಂಡು ನಾ ಏನ್ ಮಾಡ್ಲಿ?" ಅಂದರು.

ಇಂದುಮತಿ ಮೇಡಂ ಅಫಜಲಪುರದವರು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡರು. ತವರಿನಲ್ಲಿ ಮೂಲೆಯಲ್ಲಿ ಕೂರಿಸುವ ಮೊದಲೇ ಓದುತ್ತೇನೆಂದು ಎದ್ದು ಬಂದವರು. ಇದನ್ನು ಅವರು ಎಂದೂ ದೊಡ್ಡ ವಿಷಯ ಮಾಡಿ ಹೇಳಲಿಲ್ಲ, ಅವರ ತಂಗಿ ಹೇಳಿದ್ದು. ಮೇಡಂ ಹೇಳುತ್ತಿದ್ದದ್ದು ಬರೀ ಪ್ರೋಟೀನಿನ ವಿಷಯ.

ನಮ್ಮ ಕೆಲಸ ಏನು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ, ಮುಂದಿನದಕ್ಕೆ ಬೇಕಾಗುತ್ತದೆ. ಚಳಿಗಾಲದ ಮುಂಜಾನೆ ಮಂಜು ಬಿದ್ದಾಗ ದೂರದಿಂದ ಬರುವ ಬಸ್ಸಿನ ದೀಪದ ಸುತ್ತ ಒಂದು ಬೆಳಕಿನ ಬಳೆ ಕಾಣುತ್ತದೆ. ಮಂಜಿನ ಹನಿ ಸಣ್ಣದಿದ್ದರೆ ಬಳೆ ಅಗಲ, ಹನಿ ದೊಡ್ಡದಿದ್ದರೆ ಬಳೆ ಕಿರಿದು. ಹನಿಯನ್ನು ಕಣ್ಣಿಂದ ಕಾಣಲಾರೆವು, ಆದರೆ ಬಳೆ ನೋಡಿ ಹನಿಯ ಗಾತ್ರ ಹೇಳಬಹುದು. ನಾವು ಮಾಡಿದ್ದೂ ಅದೇ. ಬಸ್ಸಿನ ದೀಪದ ಬದಲು ಕ್ಷ-ಕಿರಣ, ಮಂಜಿನ ಹನಿಯ ಬದಲು ನೀರಲ್ಲಿ ಕರಗಿದ ಪ್ರೋಟೀನು. ಕಿರಣ ಚದುರುವ ರೀತಿಯನ್ನು ಒಂದು ಇಳಿಜಾರು ಗೆರೆಯಾಗಿ ಬರೆದುಕೊಳ್ಳುತ್ತೇವೆ. ಗೆರೆ ನಿಧಾನ ಇಳಿದರೆ ಕಣ ಸಣ್ಣದು, ಗಡಗಡ ಇಳಿದರೆ ಕಣ ದೊಡ್ಡದು. ಇಷ್ಟು ತಿಳಿದರೆ ಸಾಕು.

ತೊಂದರೆ ಎಲ್ಲಿ ಅಂದರೆ, ನೀರು ಕೂಡ ಕಿರಣವನ್ನು ಚದುರಿಸುತ್ತದೆ. ಹಾಗಾಗಿ ಮೊದಲು ಬರೀ ನೀರನ್ನು ಅಳೆದು, ಆಮೇಲೆ ಪ್ರೋಟೀನು ಇರುವ ನೀರನ್ನು ಅಳೆದು, ಎರಡನೆಯದರಿಂದ ಮೊದಲನೆಯದನ್ನು ಕಳೆಯಬೇಕು. ಎರಡೂ ನೀರು ಒಂದೇ ಇರಬೇಕು. ಅದಕ್ಕಾಗಿ ಪ್ರೋಟೀನನ್ನು ತೆಳುವಾದ ಪೊರೆಯ ಚೀಲದಲ್ಲಿ ಕಟ್ಟಿ ದೊಡ್ಡ ಪಾತ್ರೆಯ ಉಪ್ಪುನೀರಿನಲ್ಲಿ ಇಳಿಬಿಡುತ್ತೇವೆ. ಮರುದಿನದ ಹೊತ್ತಿಗೆ ಚೀಲದ ಒಳಗಿನ ನೀರೂ ಹೊರಗಿನ ನೀರೂ ಒಂದಾಗುತ್ತವೆ. ಚೀಲದ ಹೊರಗೆ ಉಳಿದ ಆ ನೀರೇ ನಾವು ಕಳೆಯಬೇಕಾದ ನೀರು. ನೋಡಲು ಪಾತ್ರೆ ತೊಳೆದು ಬಿಟ್ಟ ನೀರಿನ ಹಾಗಿರುತ್ತದೆ, ಆದರೆ ಚಿನ್ನ ಅದು.

ಈ ಚಿನ್ನವನ್ನು ನಮ್ಮ ರಫೀಕ್ ಸೇರಿದ ಮೊದಲ ವಾರವೇ ಮೋರಿಗೆ ಚೆಲ್ಲಿದ. ಆಳಂದದವನು, ನನ್ನ ಜೊತೆಗೆ ಸಂಶೋಧನೆಗೆ ಸೇರಿದವನು, ಬಲು ಶಿಸ್ತಿನ ಮನುಷ್ಯ. ಚೀಲ ತೆಗೆದಿಟ್ಟು, ಪಾತ್ರೆ ಫಳಫಳ ತೊಳೆದು ಬೋರಲು ಹಾಕಿ, ನನ್ನ ಕೆಲಸ ನೋಡಿರಿ ಅನ್ನುವ ಹಾಗೆ ನಿಂತಿದ್ದ. ಮೇಡಂ ಪಾತ್ರೆ ನೋಡಿದರು, ರಫೀಕನನ್ನು ನೋಡಿದರು.

"ರಫೀಕ್, ನಿಮ್ಮನ್ಯಾಗ ಹೋಳಿಗಿ ಮಾಡೋ ಮುಂದ ಬ್ಯಾಳಿ ಬಸದ ನೀರು ಚೆಲ್ತಾರೇನು?"

"ನಮ್ಮನ್ಯಾಗ ಹೋಳಿಗಿ ಮಾಡಂಗಿಲ್ರಿ ಮೇಡಂ. ಬಾಜೂಮನಿಯವ್ರು ಕೊಟ್ಟ ಕಳಸ್ತಾರ್ರಿ."

"ಬರೇ ಹೋಳಿಗಿ ಕಳಸ್ತಾರೋ, ಕಟ್ಟಿನ ಸಾರೂ ಕಳಸ್ತಾರೋ?"

"ಸಾರೂ ಬರ್ತದ್ರಿ."

"ಅವ್ರು ಕಟ್ಟು ಚೆಲ್ಲಿದ್ರ ಸಾರು ಎಲ್ಲಿಂದ ಬರ್ತಿತ್ತಪ್ಪ?"

ರಫೀಕನ ಮುಖ ಸಣ್ಣದಾಯಿತು. ಆ ದಿನದಿಂದ ನಮ್ಮ ಪ್ರಯೋಗಾಲಯದಲ್ಲಿ ಹೊರಗಿನ ನೀರಿಗೆ ಕಟ್ಟು ಅಂತಲೇ ಹೆಸರು. ತಮಿಳರು, ಬಂಗಾಳಿಗಳು, ಕೇರಳದ ಹುಡುಗಿಯರು ಎಲ್ಲರೂ ಕಟ್ಟು ಅಂದರು. ಬಾಟಲಿಗಳ ಮೇಲೆ ಅದೇ ಹೆಸರು ಬರೆದರು. ಆಗೀಗ ಪರದೇಶದವರು ಬಂದಾಗ ಇದು ಯಾವ ರಾಸಾಯನಿಕ ಎಂದು ಕೇಳುತ್ತಿದ್ದರು. ರಫೀಕ್ ಎದೆಯುಬ್ಬಿಸಿ, ಇದು ನಮ್ಮ ಕಡೆಯ ಪದ್ಧತಿ ಎಂದು ಹೇಳುತ್ತಿದ್ದ.

ಈಗ ತೊಗರಿಗೆ ಬರುತ್ತೇನೆ. ಜೇವರ್ಗಿ ಕಡೆಯ ಇಜೇರಿಯಲ್ಲಿ ಶರಣಮ್ಮ ಅನ್ನುವವರ ಮನೆತನದ ಹಳೆಯ ತೊಗರಿ ಬೀಜವೊಂದಿತ್ತು. ಆ ಬೀಜದ ಹೊಲದಲ್ಲಿ ಕಾಯಿಕೊರಕ ಹುಳುವಿನ ಕಾಟ ಕಡಿಮೆ ಅನ್ನುವ ಮಾತು ಮೇಡಂ ಕಿವಿಗೆ ಬಿತ್ತು. ಹುಳು ಜಾಸ್ತಿಯಾದಾಗ ನಮ್ಮ ಕಡೆ ಗಿಡದ ಬುಡಕ್ಕೆ ತಾಡಪತ್ರಿ ಹಾಸಿ, ಗಿಡ ಅಲುಗಿಸಿ ಹುಳು ಉದುರಿಸುತ್ತಾರೆ. ಶರಣಮ್ಮನ ಹೊಲದಲ್ಲಿ ತಾಡಪತ್ರಿಗೆ ಬೀಳುವ ಹುಳು ಕಡಿಮೆಯಂತೆ. ಹುಳುವಿನ ಹೊಟ್ಟೆಯಲ್ಲಿ ಜೀರ್ಣವಾಗದಂತೆ ತಡೆಯುವ ಒಂದು ಪ್ರೋಟೀನು ತೊಗರಿಯಲ್ಲಿ ಇರುತ್ತದೆ. ಇಜೇರಿಯ ಬೀಜದಲ್ಲಿ ಅದರ ಆಕಾರವೇನಾದರೂ ಬೇರೆಯೇ ಎಂದು ನೋಡುವ ಆಸೆ ಮೇಡಂಗೆ. ನನ್ನನ್ನು ಕರೆದುಕೊಂಡು ಹೊರಟರು.

ಶರಣಮ್ಮ ಆಗ ಅರವತ್ತರ ಆಚೆಯವರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಗಟ್ಟಿ ಧ್ವನಿ. ಬೀಜ ಕೊಳ್ಳುತ್ತೇವೆ ಅಂದದ್ದಕ್ಕೆ ಕೈ ಅಡ್ಡ ಮಾಡಿಬಿಟ್ಟರು.

"ಈ ಬೀಜ ನಾವು ಮಾರಂಗಿಲ್ರಿ ಬಾಯಾರ. ನಮ್ಮತ್ತಿ ನನ್ನ ಉಡಿಯಾಗ ಹಾಕಿ ಕೊಟ್ಟದ್ದು. ನಾನೂ ಹಂಗ ಕೊಡ್ತೇನಿ. ಬರ್ರಿ, ಸೆರಗ ಹಿಡೀರಿ."

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. "ಈ ಹುಡಿಗಿಗೆ ತುಂಬ್ರಿ. ನನಗ ಬ್ಯಾಡ್ರಿ, ನನ್ನ ಯಜಮಾನ್ರು ಇಲ್ಲ" ಎಂದು ಮೆಲ್ಲಗೆ ಹೇಳಿದರು. ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

"ನನ್ನವ್ರೂ ಇಲ್ಲ" ಅಂದರು ಶರಣಮ್ಮ. "ಕೊರಳಾಗ ಲಿಂಗ ಕಟ್ಟಿದವ್ರು ಇಂಥಾದ್ದು ನಡಸಬಾರದು ಅಂತ ಎಲ್ಲಾರೂ ಹೇಳ್ತಾರ, ಮನ್ಯಾಗ ನಡಸ್ತಾರ. ನಾ ನಡಸಂಗಿಲ್ಲ. ಹಿಡೀರಿ ಸೆರಗ."

ಮೇಡಂ ಸೆರಗು ಹಿಡಿದರು. ಶರಣಮ್ಮ ಮೊದಲು ರವಿಕೆಯ ಖಣ, ಅದರ ಮೇಲೆ ಕೊಬ್ಬರಿ ಬಟ್ಟಲು ಇಟ್ಟು, ಎರಡೂ ಕೈ ತುಂಬಿ ತೊಗರಿ ಹಾಕಿದರು. "ಇದರಾಗ ಏನ್ ಸಿಗ್ತದ, ಅದನ್ನ ಬಂದು ನಮಗ ಹೇಳ್ರಿ. ಮತ್ತೇನೂ ಬ್ಯಾಡ" ಅಂದರು. ಮೇಡಂ ಹೇಳುತ್ತೇನೆಂದು ಮಾತು ಕೊಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಸೆರಗಿನ ಗಂಟನ್ನು ಬಿಚ್ಚಲಿಲ್ಲ, ಬ್ಯಾಗಿಗೂ ಹಾಕಲಿಲ್ಲ. ಹೈದರಾಬಾದಿನವರೆಗೂ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು.

ಆ ಬೀಜದಿಂದ ಪ್ರೋಟೀನು ತೆಗೆದು ಶುದ್ಧ ಮಾಡುವುದಕ್ಕೇ ನಮಗೆ ಬಹಳ ಕಾಲ ಹಿಡಿಯಿತು. ನಮ್ಮಲ್ಲಿದ್ದ ಯಂತ್ರ ಹಳೆಯದು, ಗೆರೆಯ ಬಾಲದ ಕಡೆ ಬರೀ ಗದ್ದಲ. ಹೊರದೇಶದ ಒಂದು ದೊಡ್ಡ ಯಂತ್ರದಲ್ಲಿ ನಮಗೆ ಸ್ವಲ್ಪ ಸಮಯ ಮಂಜೂರಾಯಿತು. ಇಂಥ ಯಂತ್ರಗಳ ಮುಂದೆ ಜಗತ್ತಿನವರೆಲ್ಲ ಸಾಲಿನಲ್ಲಿ ನಿಂತಿರುತ್ತಾರೆ. ನಿಮ್ಮ ಸರದಿ ಹೋಯಿತೆಂದರೆ ಹೋಯಿತು.

ಹಿಂದೊಮ್ಮೆ ವಿಮಾನದವರು ನಮ್ಮ ಪೆಟ್ಟಿಗೆಯನ್ನೇ ಬೇರೆ ಊರಿಗೆ ಕಳಿಸಿ ಪಾಠ ಕಲಿಸಿದ್ದರು. ಅದಕ್ಕೇ ಈ ಸಲ ಮೇಡಂ ಏನನ್ನೂ ಪೆಟ್ಟಿಗೆಗೆ ಹಾಕಲಿಲ್ಲ. ಪ್ರೋಟೀನಿನ ಪುಟ್ಟ ಕೊಳವೆಗಳು, ಕಟ್ಟಿನ ಬಾಟಲಿ, ಎರಡನ್ನೂ ಕೈಚೀಲದಲ್ಲೇ ಇಟ್ಟುಕೊಂಡರು. ಕಣ್ಣ ಮುಂದೆ ಇರಲಿ ಅಂತ. ಇಂಥ ಅತಿ ಜೋಪಾನದ ತಪ್ಪನ್ನು ನಮ್ಮ ವೃತ್ತಿಯವರಲ್ಲದೆ ಬೇರೆ ಯಾರೂ ಮಾಡಲಾರರು.

ವಿಮಾನ ನಿಲ್ದಾಣದ ತಪಾಸಣೆಯವನು ಪುಟ್ಟ ಕೊಳವೆಗಳನ್ನು ಬಿಟ್ಟ. ಬಾಟಲಿ ಹಿಡಿದುಕೊಂಡ. ನೀರು ಒಯ್ಯುವ ಹಾಗಿಲ್ಲ, ಕುಡಿಯಿರಿ ಇಲ್ಲವೇ ಬುಟ್ಟಿಗೆ ಹಾಕಿರಿ ಅಂದ. ಇದು ಕುಡಿಯುವ ನೀರಲ್ಲ ಅಂದರು ಮೇಡಂ. ಕುಡಿಯುವ ನೀರಲ್ಲದಿದ್ದರೆ ಮತ್ತೇನು ಅಂತ ಅವನಿಗೆ ಇನ್ನೂ ಅನುಮಾನ. ಮೇಡಂ ಅವನಿಗೆ ಬೆಳಕು, ನೀರು, ಪ್ರೋಟೀನು ಎಲ್ಲವನ್ನೂ ಪಾಠದ ಹಾಗೆ ವಿವರಿಸಿದರು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವರು, ಒಂದು ಗುಟುಕು ಕುಡಿದು ತೋರಿಸಿದರೆ ಉಳಿದದ್ದನ್ನು ಬಿಡುತ್ತೀಯಾ ಎಂದು ಮುಚ್ಚಳಕ್ಕೆ ಕೈ ಹಾಕಿಬಿಟ್ಟರು. ಕೆಡಬಾರದೆಂದು ಅದರಲ್ಲಿ ಒಂದು ಚಿಟಿಕೆ ವಿಷ ಹಾಕಿರುತ್ತೇವೆ. ವಿಷ ಇದೆ ಮೇಡಂ ಎಂದು ಕೂಗಲು ಬಾಯಿ ತೆರೆದವಳು, ಎಲ್ಲಿ ನಿಂತಿದ್ದೇನೆ ಅನ್ನುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡು ಅವರ ಕೈ ಹಿಡಿದೆ. ಬಾಟಲಿ ಬುಟ್ಟಿಗೆ ಬಿತ್ತು. ಅದು ಬಿದ್ದ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಅಲ್ಲಿಗೆ ಹೋಗಿ ಮೇಡಂ ಅದೇ ಅಳತೆಯ ಪ್ರಕಾರ ಹೊಸದಾಗಿ ಉಪ್ಪುನೀರು ಬೆರೆಸಿದರು. ಉಪ್ಪನ್ನು ಎರಡೆರಡು ಸಲ ತೂಗಿದರು. ಬೇರೆ ದಾರಿಯೇ ಇರಲಿಲ್ಲ. ಅಳೆದೆವು, ಕಳೆದೆವು, ಗೆರೆ ಬರೆದೆವು. ಗೆರೆ ಗಡಗಡ ಇಳಿಯಿತು. ಒಂದು ಪ್ರೋಟೀನಿಗೆ ಇಷ್ಟು ಗಾತ್ರ ಸಾಧ್ಯವಿಲ್ಲ, ಎರಡೆರಡು ಸೇರಿ ಜೋಡಿಯಾಗಿ ನಿಂತಿವೆ ಎಂದು ಲೆಕ್ಕ ಹೇಳಿತು. ಜೋಡಿ ನಿಂತದ್ದರಿಂದ ಹುಳುವಿನ ಹೊಟ್ಟೆ ಅದನ್ನು ಒಡೆಯಲಾರದು, ಹಾಗಾಗಿ ಹುಳು ಈ ತೊಗರಿಯಿಂದ ದೂರ. ಎಷ್ಟು ಚೆಂದದ ಉತ್ತರ. ಮೇಡಂ ಅಂದು ನಕ್ಕದ್ದನ್ನು ನೋಡಬೇಕಿತ್ತು.

ಆ ಲೇಖನ ಅವರ ಜೀವಮಾನದ ದೊಡ್ಡ ಕೆಲಸವಾಯಿತು. ಇಜೇರಿಯ ಹೆಸರು ಎಲ್ಲೆಲ್ಲೋ ಓಡಾಡಿತು. ಪಠ್ಯಪುಸ್ತಕವೊಂದರಲ್ಲಿ ಎರಡು ಪ್ರೋಟೀನು ಬೆನ್ನಿಗೆ ಬೆನ್ನು ಹಚ್ಚಿ ನಿಂತ ಅವರ ಚಿತ್ರ ಬಂತು. ಕೊಟ್ಟ ಮಾತಿನಂತೆ ಮೇಡಂ ಇಜೇರಿಗೆ ಹೋಗಿ ಶರಣಮ್ಮನಿಗೆ ಹೇಳಿ ಬಂದರು. ಆ ದಿನ ಹೋಳಿಗೆ ಊಟ, ಕಟ್ಟಿನ ಸಾರು. ಶರಣಮ್ಮನ ಮಗ ಮಲ್ಲಣ್ಣ ಮರುವರ್ಷವೇ ಚೀಲಗಳ ಮೇಲೆ ಜೋಡಿ ತೊಗರಿ ಎಂದು ದೊಡ್ಡದಾಗಿ ಅಚ್ಚು ಹಾಕಿಸಿದ. ಯಡ್ರಾಮಿ ಸಂತೆಯಲ್ಲೂ ಆ ಹೆಸರು ನಡೆಯಿತು.

ವರ್ಷಗಳು ಹೋದವು. ನನ್ನ ಕೂದಲಲ್ಲೂ ಬಿಳಿ ಇಣುಕಿತು, ನನಗೂ ಶಿಷ್ಯರಾದರು. ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ಈಗಿನವರಿಗೆ ಇದು ಅನ್ನ ನೀರು, ನಮಗೆ ಪವಾಡ. ಪ್ರೋಟೀನನ್ನು ಸಣ್ಣ ಮಣಿ ತುಂಬಿದ ಕೊಳವೆಯಲ್ಲಿ ಹರಿಯಬಿಡುತ್ತಾರೆ. ಅದು ಹರಿದು ಬಂದು ನೇರವಾಗಿ ಕಿರಣಕ್ಕೆ ಎದುರಾಗುತ್ತದೆ. ಅದಕ್ಕಿಂತ ಮುಂಚೆ ಬರುವುದೂ, ಅದರ ಹಿಂದೆ ಬರುವುದೂ ಅದೇ ನೀರು. ಅಂದರೆ ಪ್ರೋಟೀನು ತನ್ನ ಕಟ್ಟನ್ನು ತಾನೇ ಹೊತ್ತು ತರುತ್ತದೆ. ಚೆಲ್ಲುವ ಮಾತೇ ಇಲ್ಲ.

ನಮಗೆ ಆ ಸೌಲಭ್ಯ ಸಿಕ್ಕಾಗ ಮೇಡಂ ನಿವೃತ್ತಿಗೆ ಹತ್ತಿರ ಬಂದಿದ್ದರು. ಹೊಸ ಪ್ರೋಟೀನುಗಳು ಸಾಲುಗಟ್ಟಿ ಕಾದಿದ್ದವು, ಸಮಯ ಸಿಕ್ಕಿದ್ದು ಸ್ವಲ್ಪ. ಮೇಡಂ ಮೊದಲು ಇಜೇರಿ ತೊಗರಿ ಹಾಕು ಅಂದರು.

"ಅದು ಮುಗದದ ಅಲ್ರಿ ಮೇಡಂ, ಪುಸ್ತಕದಾಗೂ ಬಂದದ. ಅದನ್ನ ಮತ್ಯಾಕ ಅಳೀಬೇಕು?"

"ಆಗ ಕಟ್ಟು ಇರಲಿಲ್ಲ ಕಮಲಾ. ಈಗ ಅದ. ನೋಡಬೇಕು."

ಗೊಣಗುತ್ತಲೇ ಹಾಕಿದೆ. ಗೆರೆ ನಿಧಾನವಾಗಿ ಇಳಿಯಿತು. ಎಲ್ಲೋ ತಪ್ಪಿದ್ದೇನೆಂದು ಮತ್ತೆ ಹಾಕಿದೆ. ಬೇರೆ ಹೊಸ ಬೀಜದಿಂದ ತೆಗೆದದ್ದನ್ನು ಹಾಕಿದೆ. ರಫೀಕನ ಕೈಯಿಂದ ಹಾಕಿಸಿದೆ. ಪ್ರತಿ ಸಲವೂ ಅದೇ. ಜೋಡಿಯೂ ಇಲ್ಲ ಗೀಡಿಯೂ ಇಲ್ಲ, ಪ್ರೋಟೀನು ಒಂಟಿ.

ಆ ದಿನ ಹಿಂದೆ ಮುಂದೆ ನೋಡುತ್ತಲೇ ಅವರ ಕೋಣೆಗೆ ಹೋದೆ. ಒಬ್ಬರ ಇಡೀ ಆಯುಷ್ಯದ ಹೆಸರು ನನ್ನ ಕೈಯಲ್ಲಿದ್ದ ಒಂದು ಹಾಳೆಯಲ್ಲಿ ಅಳಿಸಿಹೋಗಿತ್ತು. ಮೇಡಂ ಹಳೆಯ ಗೆರೆಯ ಹಾಳೆ ತೆಗೆದು, ಹೊಸದರ ಮೇಲಿಟ್ಟು, ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಮೇಲಿನ ಭಾಗ ಒಂದರ ಮೇಲೊಂದು ಕೂತಿತು. ಬಾಲದ ಕಡೆ ಮಾತ್ರ ಎರಡೂ ಬೇರೆಬೇರೆಯಾದವು.

"ಕಮಲಾ, ಆ ಬಾಟ್ಲಿ" ಅಂದರು.

ನನಗೆ ಅರ್ಥವಾಯಿತು. ಅಲ್ಲಿ ಹೊಸದಾಗಿ ಬೆರೆಸಿದ ನೀರಿನಲ್ಲಿ ಉಪ್ಪು ಕೂದಲೆಳೆಯಷ್ಟು ಜಾಸ್ತಿ ಇದ್ದಿರಬೇಕು. ಹಾಗಾಗಿ ನಾವು ಕಳೆಯಬೇಕಾದದ್ದಕ್ಕಿಂತ ಜಾಸ್ತಿ ಕಳೆದಿದ್ದೆವು. ಜಾಸ್ತಿ ಕಳೆದರೆ ಗೆರೆಯ ಬಾಲ ಕುಸಿಯುತ್ತದೆ, ಬಾಲ ಕುಸಿದ ಗೆರೆ ಗಡಗಡ ಇಳಿದಂತೆ ಕಾಣುತ್ತದೆ, ಸಣ್ಣ ಕಣ ದೊಡ್ಡದಾಗಿ ತೋರುತ್ತದೆ. ನಮ್ಮ ವಿದ್ಯೆಯ ವಿಚಿತ್ರವಿದು. ನೀವೂ ಎಂದಾದರೂ ಇದಕ್ಕೆ ಸಿಕ್ಕಿಬೀಳುತ್ತೀರಿ.

ಆಗಿನ ನಮ್ಮ ನಿರ್ದೇಶಕರು ಕೆಟ್ಟವರಲ್ಲ. ಅವರು ಮೇಡಂ ಅವರನ್ನು ಕರೆದು, ನಿವೃತ್ತಿಯ ಹೊತ್ತಿನಲ್ಲಿ ಇದನ್ನು ಯಾಕೆ ಎತ್ತುತ್ತೀರಿ, ಯಾರೂ ಕೇಳಿಲ್ಲ, ಮುಂದೆ ಯಾರಾದರೂ ಕಂಡುಹಿಡಿದರೆ ವಿಜ್ಞಾನ ಮುಂದೆ ಹೋಯಿತು ಅಂತ ಅಂದುಕೊಳ್ಳುತ್ತಾರೆ ಎಂದು ತಿಳಿಹೇಳಿದರು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಮೇಡಂ ಅವರ ಮಾತು ಕೇಳಲಿಲ್ಲ. ಲೇಖನ ಪ್ರಕಟವಾಗಿದ್ದ ಪತ್ರಿಕೆಗೆ, ಅದು ತಪ್ಪೆಂದು ತಾವೇ ಬರೆದರು. ಬೀಳ್ಕೊಡುಗೆಯ ಉಪನ್ಯಾಸದಲ್ಲಿ ಜೋಡಿ ತೊಗರಿಯ ಬಗ್ಗೆ ಕೇಳಲು ಊರೂರಿಂದ ಜನ ಬಂದಿದ್ದರು. ಮೇಡಂ ತೆರೆಯ ಮೇಲೆ ಎರಡು ಗೆರೆ ತೋರಿಸಿ, ಇದು ನಾನು ಹೇಳಿದ್ದು, ಇದು ಇರುವುದು ಅಂದರು. ಕಟ್ಟು ಯಾಕೆ ಚೆಲ್ಲಬಾರದು ಎಂದು ಇಡೀ ಹೊತ್ತು ಅದನ್ನೇ ಪಾಠ ಮಾಡಿದರು. ಆಮೇಲೆ ಊಟದಲ್ಲಿ ಯಾರಿಗೂ ಅವರ ಮುಖ ನೋಡುವ ಧೈರ್ಯವಿರಲಿಲ್ಲ, ಎಲ್ಲರೂ ತಟ್ಟೆ ನೋಡಿಕೊಂಡು ಬೇಗ ಬೇಗ ಉಂಡರು. ಮೇಡಂ ಒಬ್ಬರೇ ಎರಡನೇ ಸಲ ಪಾಯಸ ಹಾಕಿಸಿಕೊಂಡರು.

ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಮರುದಿನ ಅವರ ಕರೆ ಬಂತು. "ಇಜೇರಿಗೆ ಹೋಗಬೇಕು, ಬರ್ತೀಯೇನು?"

"ಮಲ್ಲಣ್ಣಗ ಫೋನ್ ಮಾಡಿ ಹೇಳಿದ್ರ ಆಗಂಗಿಲ್ಲೇನ್ರಿ?"

"ಉಡಿಯಾಗ ಹಾಕಿ ಕೊಟ್ಟಾರ ಕಮಲಾ. ಫೋನಿನ್ಯಾಗ ಹ್ಯಾಂಗ್ ಹೇಳ್ಲಿ?"

ದೊಡ್ಡ ದೊಡ್ಡವರು ತುಂಬಿದ ಸಭಾಂಗಣದಲ್ಲಿ ಅಲುಗಾಡದೆ ನಿಂತ ಹೆಂಗಸು ಇಜೇರಿಯ ದಾರಿಯುದ್ದಕ್ಕೂ ಕೈ ಹೊಸೆಯುತ್ತಿದ್ದರು. ಜೇವರ್ಗಿಯಲ್ಲಿ ಬಸ್ಸು ಬದಲಿಸುವಾಗ ಚಹಾ ಕೂಡ ಬೇಡ ಅಂದರು. ಶರಣಮ್ಮನಿಗೆ ಆಗ ವಯಸ್ಸಾಗಿತ್ತು, ಕಣ್ಣು ಮಂಜು, ಆದರೆ ಧ್ವನಿ ಹಾಗೇ ಇತ್ತು. ಪಡಸಾಲೆಯ ಗೋಡೆಗೆ ಜೋಡಿ ತೊಗರಿಯ ಚೀಲಗಳನ್ನು ಒಟ್ಟಿದ್ದರು. ಮೇಡಂ ಕೂತವರೇ ಪೀಠಿಕೆ ಇಲ್ಲದೆ ಹೇಳಿಬಿಟ್ಟರು.

"ಶರಣಮ್ಮಾರ, ನಿಮ್ಮ ತೊಗರಿಯೊಳಗ ಜೋಡಿ ಅದ ಅಂದಿದ್ದೆ. ಅದು ಜೋಡಿ ಅಲ್ರಿ. ಒಂಟಿ ಅದ. ನಾ ತಪ್ಪ ನೋಡಿದ್ದೆ."

ಸಿಟ್ಟಾದದ್ದು ಮಲ್ಲಣ್ಣ. "ಇದೇನ್ರಿ ಬಾಯಾರ ಹಿಂಗ ಅಂತೀರಿ? ಚೀಲದ ಮ್ಯಾಲೆ ಹೊಡಿಸೇವಿ. ಪ್ಯಾಟ್ಯಾಗ ಮಂದಿ ಹೆಸರ ಹೇಳಿ ಕೇಳ್ತಾರ. ನಾಳಿ ಅವರಿಗೆ ನಾ ಏನಂತ ಹೇಳ್ಲಿ?"

"ನನ್ನ ಹೆಸರ ಹೇಳ್ರಿ ಮಲ್ಲಣ್ಣ. ಇಂದುಮತಿ ಅನ್ನಾಕಿ ತಪ್ಪ ಹೇಳಿದ್ಲು, ತಾನ ಬಂದು ಹೇಳಿ ಹೋಗ್ಯಾಳ ಅನ್ರಿ."

ಶರಣಮ್ಮ ಆಗ ಬಾಯಿ ತೆರೆದರು. "ಮತ್ತ ಹುಳ ಯಾಕ ಕಮ್ಮಿ ಬೀಳ್ತದ?"

"ಗೊತ್ತಿಲ್ರಿ" ಅಂದರು ಮೇಡಂ.

ಅವರ ಬಾಯಿಂದ ಆ ಮಾತು ಕೇಳಿ ನನಗೆ ನನ್ನ ಸಂದರ್ಶನ ನೆನಪಾಯಿತು. ಶರಣಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋದರು. ಮಲ್ಲಣ್ಣ ಮುಖ ತಿರುಗಿಸಿ ಕೂತ. ಮುದುಕಿಗೆ ಬೇಜಾರಾಯಿತು, ಇನ್ನು ನಾವು ಎದ್ದು ಹೊರಡುವುದೇ ಸರಿ ಎಂದು ನಾನು ಚಪ್ಪಲಿ ಎಲ್ಲಿ ಬಿಟ್ಟೆ ಎಂದು ನೋಡಿದೆ.

ಶರಣಮ್ಮ ಮೊರದ ತುಂಬ ತೊಗರಿ ಹಿಡಿದುಕೊಂಡು ಹೊರಗೆ ಬಂದರು. ತೊಗರಿಯ ಮೇಲೆ ಖಣ, ಕೊಬ್ಬರಿ.

"ಸೆರಗ ಹಿಡೀರಿ ಬಾಯಾರ."

"ಮತ್ಯಾಕ್ರಿ ಶರಣಮ್ಮಾರ? ನಾ ತಪ್ಪ ಹೇಳೇನಿ ಅಂತ ಹೇಳಾಕ ಬಂದೀನಿ."

"ಅದಕ್ಕ ಕೊಡಾಕತ್ತೇನಿ. ನಮ್ಮ ಬೀಜ ಭಾಳ ಮಂದಿ ಒಯ್ದಾರ. ಆಫೀಸಿನವ್ರು ಒಯ್ದಾರ, ಕಾಲೇಜಿನವ್ರು ಒಯ್ದಾರ. ಏನ್ ಸಿಕ್ತು ಅಂತ ಹೇಳಾಕ ಬಂದವ್ರು ನೀವೊಬ್ಬರ. ತಪ್ಪಾತು ಅಂತ ಹೇಳಾಕ ಬಂದವ್ರೂ ನೀವ. ನಿಮಗ ಕೊಡದ ಇನ್ಯಾರಿಗೆ ಕೊಡ್ಲಿ? ಹಿಡೀರಿ. ಮತ್ತ ನೋಡ್ರಿ. ಮತ್ತ ಬಂದು ಹೇಳ್ರಿ."

ಮೇಡಂ ಅತ್ತರು. ಅಷ್ಟು ವರ್ಷಗಳಲ್ಲಿ ನಾನು ಅವರ ಕಣ್ಣೀರು ನೋಡಿದ್ದು ಅದೊಂದೇ ಸಲ. ನಾನೂ ಅತ್ತೆ. ಮಲ್ಲಣ್ಣ ಎದ್ದು ಹೋಗಿ ನೀರು ತಂದುಕೊಟ್ಟ. ಆಮೇಲೆ ಊಟ ಮಾಡಿಯೇ ಹೋಗಬೇಕೆಂದು ಹಟ ಹಿಡಿದವನೂ ಅವನೇ. ಚೀಲದ ಅಚ್ಚನ್ನು ಮರುವರ್ಷ ಬದಲಿಸಿದ. ಈಗ ಅದರ ಮೇಲೆ ಬರೀ ಇಜೇರಿ ತೊಗರಿ ಎಂದಿದೆ.

ನಿವೃತ್ತಿಯಾದ ಮೇಲೂ ಮೇಡಂ ಅಫಜಲಪುರದಿಂದ ನನಗೆ ಫೋನು ಮಾಡಿ ಆ ಎರಡನೇ ಉಡಿಯ ಬೀಜ ಏನು ಹೇಳಿತು ಎಂದು ಕೇಳುತ್ತಿದ್ದರು. ಅದು ಹೇಳಲು ಬಹಳ ಕಾಲ ತೆಗೆದುಕೊಂಡಿತು. ಇಷ್ಟು ಕಂಡಿತು: ಆ ಪ್ರೋಟೀನು ಒಂಟಿಯೇ, ಆದರೆ ಅದಕ್ಕೊಂದು ಸಡಿಲವಾದ ತುದಿಯಿದೆ, ನೀರಿನಲ್ಲಿ ಅತ್ತಿತ್ತ ಬಳುಕುತ್ತಿರುತ್ತದೆ. ಬೇರೆ ತೊಗರಿಗಳಲ್ಲಿ ಆ ತುದಿ ಗಿಡ್ಡ. ಹುಳುವಿನ ಹೊಟ್ಟೆಯಲ್ಲಿ ಅಡ್ಡಿ ಮಾಡುವುದು ಆ ತುದಿ ಇರಬಹುದು. ಹರಳುಗಟ್ಟಿಸಿ ನೋಡುವ ವಿಧಾನದಲ್ಲಿ ಇಂಥ ಸಡಿಲ ತುದಿ ಕಾಣುವುದೇ ಇಲ್ಲ. ಕಟ್ಟು ಸರಿಯಿದ್ದರೆ ನಮ್ಮ ಗೆರೆಯ ಬಾಲದಲ್ಲಿ ಕಾಣುತ್ತದೆ. ಇದನ್ನು ಕೇಳುವ ಮೊದಲೇ ಮೇಡಂ ಹೋಗಿಬಿಟ್ಟರು. ಶರಣಮ್ಮ ಅವರಿಗಿಂತ ಮುಂಚೆ.

ನಾನು ಈಗ ಆಳಂದದಲ್ಲಿ ಮನೆ ಮಾಡಿದ್ದೇನೆ. ಹೋದ ತಿಂಗಳು ಇಜೇರಿಗೆ ಹೋಗಿ ಮಲ್ಲಣ್ಣನಿಗೂ ಅವನ ಹೆಂಡತಿ ಮಹಾದೇವಿಗೂ ಈ ಸಡಿಲ ತುದಿಯ ವಿಷಯ ಹೇಳಿ ಬಂದೆ. ಮಹಾದೇವಿ ಗಮನವಿಟ್ಟು ಕೇಳಿ, "ಈ ಸಲ ಖರೇ ಏನ್ರಿ ಅಕ್ಕಾ?" ಅಂದಳು.

"ಇವತ್ತಿಗೆ ಖರೇ ಅದವ್ವ" ಅಂದೆ.

ಅದಕ್ಕೇ ಇಷ್ಟೆಲ್ಲ ಬರೆದದ್ದು. ನಾನು ಹೇಳಿ ಬಂದದ್ದೂ ತಪ್ಪಿರಬಹುದು. ನಿಮ್ಮ ಕೈಗೆ ನಮಗಿಂತ ಒಳ್ಳೆಯ ಯಂತ್ರ ಬಂದಿದೆ, ಇನ್ನೂ ಬರುತ್ತದೆ, ಒಂದು ದಿನ ನಿಮ್ಮಲ್ಲೇ ಯಾರಿಗಾದರೂ ನನ್ನ ತಪ್ಪು ಕಾಣುತ್ತದೆ. ಆಗ ನಾನಿದ್ದರೆ ನನಗೆ ಹೇಳಿ, ನಾನು ಹೋಗುತ್ತೇನೆ. ನಾನಿಲ್ಲದಿದ್ದರೆ ನೀವು ಹೋಗಬೇಕು. ಜೇವರ್ಗಿ ಬಸ್ ನಿಲ್ದಾಣದಲ್ಲಿ ಇಜೇರಿ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ತೋರಿಸುತ್ತಾರೆ. ಊರಲ್ಲಿ ಇಳಿದು ಶರಣಮ್ಮನವರ ಮನೆ ಅನ್ನಿ, ಈಗಲೂ ಹಾಗೇ ಕರೆಯುತ್ತಾರೆ. ಹುಡುಗಿಯರು ಸೀರೆಯುಟ್ಟೇ ಹೋಗಬೇಕೆಂದಿಲ್ಲ, ದುಪಟ್ಟಾ ನಡೆಯುತ್ತದೆ. ಹುಡುಗರು ಒಂದು ಟವೆಲ್ಲು ಒಯ್ಯಿರಿ. ತಪ್ಪಾಯಿತು ಎಂದು ಹೇಳಲು ಬಂದವರನ್ನು ಆ ಮನೆಯವರು ಬರಿಗೈಲಿ ಕಳಿಸುವುದಿಲ್ಲ.